ಗಸಗಸೆಗೆ ಎರಡು ದಿನ

‘ಬೆವರು ಸುಳ್ಳು ಹೇಳುವುದಿಲ್ಲ’ ಎಂದು ನಮ್ಮ ಕೇಂದ್ರದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದಪ್ಪಗೆ ಬರೆಸಿದ್ದಾರೆ. ಬರೆಸಿದವರು ನಮ್ಮ ಮುಖ್ಯಸ್ಥರಾದ ನಾಡಿಗ ಸರ್. ಗದಗಿನಲ್ಲಿ ಮುಚ್ಚಿಹೋದ ಹತ್ತಿ ಗಿರಣಿಯೊಂದರ ಗೋದಾಮೇ ನಮ್ಮ ಕಚೇರಿ. ತಗಡಿನ ಕೆಳಗೆ ಕೂತ ನಾವೂ ವರ್ಷದ ಎಂಟು ತಿಂಗಳು ಬೆವರುತ್ತೇವೆ. ನಮ್ಮ ಬೆವರನ್ನು ಮಾತ್ರ ಯಾರೂ ಅಳೆಯುವುದಿಲ್ಲ.

ಅಳೆಯುವುದು ಜಾಮೀನಿನ ಮೇಲೆ ಹೊರಗಿರುವವರ ಬೆವರನ್ನು. ಕೇಸು ದಾಖಲಾಗಿದೆ, ವಿಚಾರಣೆ ಶುರುವಾಗಿಲ್ಲ, ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ, ಅಂಥವರು. ಮಾದಕ ವಸ್ತುವಿನ ಕೇಸಾದರೆ ಜಾಮೀನು ಕೊಡುವಾಗಲೇ ಎಡಗೈಗೆ ಒಂದು ಪಟ್ಟಿ ಕಟ್ಟುತ್ತಾರೆ. ಎರಡು ಬೆರಳಗಲ, ಬೂದಿ ಬಣ್ಣ, ಬಿಚ್ಚಲು ಬರುವುದಿಲ್ಲ. ಅದರ ಒಳಮೈಗೆ ಒಂದು ತೆಳು ಪೊರೆ. ಚರ್ಮದಿಂದ ಒಸರುವ ಬೆವರಿನಲ್ಲಿ ಅಫೀಮಿನ ಜಾತಿಯ ಅಂಶ ಎಳ್ಳುಕಾಳಿನಷ್ಟಿದ್ದರೂ ಪೊರೆ ಅದನ್ನು ಹಿಡಿದಿಟ್ಟುಕೊಂಡು ಸಂಕೇತ ಕಳಿಸುತ್ತದೆ. ತಾಸಿಗೊಮ್ಮೆ ನಮ್ಮ ಪರದೆಯ ಮೇಲೆ ಚುಕ್ಕೆ ಬೀಳುತ್ತದೆ, ಚುಕ್ಕೆಗಳು ಸೇರಿ ಒಬ್ಬೊಬ್ಬರದೂ ಒಂದು ಗೆರೆಯಾಗುತ್ತದೆ. ಪಟ್ಟಿಯ ಮೇಲೂ ಒಂದು ಸಣ್ಣ ದೀಪವಿದೆ: ಹಸಿರು, ಹಳದಿ, ಕೆಂಪು. ಕೆಂಪಾದರೆ ಜಾಮೀನು ತಾನಾಗಿಯೇ ರದ್ದು. ಯಾರ ಸಹಿಯೂ ಬೇಡ, ಯಾರ ಮನಸ್ಸೂ ಕರಗಬೇಕಿಲ್ಲ. ಪೊಲೀಸರಿಗೆ ಸಂದೇಶ ಹೋಗಿ ಆರು ತಾಸಿನೊಳಗೆ ಆರೋಪಿ ಮತ್ತೆ ಜೈಲಿನಲ್ಲಿರಬೇಕು. ನಿಜವಾಗಿ ಏನು ಸೇವಿಸಿದ್ದಾರೆ ಎಂದು ರಕ್ತ ತಪಾಸಣೆಯಿಂದ ಖಚಿತ ಮಾಡುವುದು ಆಮೇಲೆ, ಸರದಿ ಬಂದಾಗ.

ನಾನು ಇಂದುಮತಿ ಹೂಗಾರ, ಆ ಖಚಿತ ಮಾಡುವ ಕೆಲಸದವಳು. ರಸಾಯನಶಾಸ್ತ್ರ ಓದಿದವಳು. ವಯಸ್ಸು ಐವತ್ತೆರಡು, ಮದುವೆಯಾಗಿಲ್ಲ. ಯಾಕೆ ಆಗಿಲ್ಲವೆಂದು ಕೇಳುತ್ತಿದ್ದವರು ಈಗ ದಣಿದು ಸುಮ್ಮನಾಗಿದ್ದಾರೆ. ನನ್ನ ಮದುವೆಯ ವಿಷಯ ವಿಜ್ಞಾನದ ಕಥೆಯಲ್ಲಿ ಯಾಕೆ ಎನ್ನಬೇಡಿ, ಅದು ಬರಬೇಕಾದಲ್ಲಿ ಬರುತ್ತದೆ.

ಮೂರು ವರ್ಷದ ಹಿಂದೆ ಈ ಪಟ್ಟಿಗಳು ಬಂದಾಗ ಅವುಗಳ ಜೊತೆ ಒಂದು ನಮೂನೆಯೂ ಬಂದಿತ್ತು. ಸ್ಥಳೀಯ ಆಹಾರ ಕೋಷ್ಟಕ. ಪಟ್ಟಿ ತಯಾರಿಸಿದವರು ದಡ್ಡರಲ್ಲ. ಗಸಗಸೆ ಎಂದರೆ ಅಫೀಮಿನ ಗಿಡದ್ದೇ ಬೀಜ ಎಂದು ಅವರಿಗೆ ಗೊತ್ತಿತ್ತು. ಬೀಜದೊಳಗೆ ಮತ್ತು ಬರಿಸುವಂಥದ್ದೇನೂ ಇರುವುದಿಲ್ಲ, ಆದರೆ ಕಾಯಿ ಒಡೆಯುವಾಗ ಅದರ ಹಾಲು ಸಿಪ್ಪೆಗೆ ತಾಗಿರುತ್ತದೆ. ಆ ಹಾಲಿನ ಅಂಶ ಬೆವರಿನಲ್ಲೂ ಇಣುಕುತ್ತದೆ. ಹಬ್ಬದ ದಿನ ಪಾಯಸ ಕುಡಿದವರೆಲ್ಲ ಜೈಲಿಗೆ ಹೋಗಬಾರದಲ್ಲ. ಅದಕ್ಕೇ ಕೇಳಿದ್ದರು: ನಿಮ್ಮ ಕಡೆ ಗಸಗಸೆಯನ್ನು ಯಾವುದಕ್ಕೆ ಬಳಸುತ್ತಾರೆ, ಎಷ್ಟು ದಿನ ಸತತವಾಗಿ ತಿನ್ನುತ್ತಾರೆ?

ನಾಡಿಗ ಸರ್ ಅದನ್ನು ನನ್ನ ಮೇಜಿನ ಮೇಲಿಟ್ಟು, “ನೀವು ಈ ಕಡೆಯವರು, ನಿಮಗೇ ಚೆನ್ನಾಗಿ ಗೊತ್ತಿರುತ್ತೆ. ಸಂಜೆ ಐದರೊಳಗೆ ಕೊಡಿ,” ಎಂದರು. ಅವರು ಮೈಸೂರಿನ ಕಡೆಯವರು. ನಾನು ಮನಸ್ಸಿಟ್ಟೇ ತುಂಬಿದೆ. ಪಾಯಸ ಬರೆದೆ, ಬದನೆಕಾಯಿ ಎಣ್ಣೆಗಾಯಿಯ ಮಸಾಲೆ ಬರೆದೆ, ಬಾಡೂಟದ ಸಾರು ಬರೆದೆ. ಹಬ್ಬದ ದಿನ ಮಾಡಿದ್ದು ಮರುದಿನಕ್ಕೂ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಕೊನೆಯ ಕಾಲಮಿನಲ್ಲಿ ‘ಎರಡು ದಿನ’ ಎಂದು ಬರೆದೆ. ಆ ಎರಡು ದಿನ ಯಂತ್ರ ಹಳದಿ ತೋರಿಸಿ ತಾಳ್ಮೆಯಿಂದ ಕಾಯುತ್ತದೆ. ಮೂರನೆಯ ದಿನವೂ ಅಂಶ ಕಂಡರೆ ಕೆಂಪು. ನನ್ನ ಆ ಒಂದು ಸಾಲಿನಿಂದ ಎಷ್ಟೋ ಜನ ದೀಪಾವಳಿಯನ್ನು ಮನೆಯಲ್ಲೇ ಕಳೆದರು. ನನಗೆ ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು.

ಕಳೆದ ಡಿಸೆಂಬರಿನ ಹದಿನೈದರಂದು ಪರದೆ ನೋಡುವ ರಫೀಕ ಮುಲ್ಲಾ ನನ್ನನ್ನು ಕರೆದ. ನೂರಾ ಹದಿನೇಳನೆಯ ನಂಬರಿನ ಗೆರೆ ಹಿಂದಿನ ದಿನದಿಂದ ಹಳದಿಯಲ್ಲಿತ್ತು. ಹೆಣ್ಣು, ಇಪ್ಪತ್ತಮೂರು ವರ್ಷ. ಪರದೆಯ ಮೇಲೆ ಅದಕ್ಕಿಂತ ಹೆಚ್ಚು ಏನೂ ಇರುವುದಿಲ್ಲ. ಹೆಸರು ಗೊತ್ತಾದರೆ ನಮ್ಮ ಮನಸ್ಸು ವಾಲುತ್ತದೆಯಂತೆ.

ಗೆರೆ ಬೆಳಿಗ್ಗೆ ಏಳಕ್ಕೆ ಏರಿ ಮಧ್ಯಾಹ್ನಕ್ಕೆ ತುದಿ ಮುಟ್ಟಿ ಸಂಜೆಗೆ ಇಳಿದಿತ್ತು. ಚಟದವರ ಗೆರೆ ಹೀಗಿರುವುದಿಲ್ಲ, ಅದು ಹೊತ್ತುಗೊತ್ತಿಲ್ಲದೆ ಏರುತ್ತದೆ. ಇದು ಊಟದ ಗೆರೆ.

“ಪಾಯಸ ಇರಬೇಕು,” ಎಂದೆ. “ನಾಳೆ ತಾನಾಗೇ ಇಳೀತದ ಬಿಡು.”

“ಯಾವ ಹಬ್ಬ ಐತ್ರಿ ಮೇಡಂ ಈಗ?”

“ಯಾರದರ ಮನ್ಯಾಗ ಕಾರ್ಯ ಇದ್ದಿರಬೇಕು.”

ಇಷ್ಟು ಹೇಳಿ ನಾನು ಮನೆಗೆ ಹೋದೆ. ಅನ್ನ ಮಾಡಿಕೊಂಡು ಉಂಡು ಮಲಗಿದೆ. ಆರೋಪಿಗಳಿಗೆ ಫೋನ್ ಮಾಡಬಾರದೆಂಬ ನಿಯಮ ಇದೆ ನಿಜ. ಆದರೆ ಅವತ್ತು ನಾನು ನಿಯಮಕ್ಕೆ ಹೆದರಿ ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ಫೋನ್ ಮಾಡಬೇಕೆಂದು ಅನಿಸಲೇ ಇಲ್ಲ.

ಅದೇ ಹೊತ್ತಿಗೆ ಬೆಟಗೇರಿಯ ಒಂದು ಮನೆಯಲ್ಲಿ ಏನು ನಡೆದಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ದಿನದ ಮೇಲೆ, ಕಸ್ತೂರಕ್ಕನ ಬಾಯಿಂದ. ಕಸ್ತೂರಕ್ಕ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವ ಹೆಂಗಸು. ಒಬ್ಬಳೇ ಮಗಳು ಸಿಂಚನಾ. ಬಸುರಿಯಾಗಿ ಎರಡು ತಿಂಗಳಾಗಿದ್ದಾಗ ಮೈದುನನ ಸ್ಕೂಟರಿನ ಹಿಂದೆ ಕೂತು ದವಾಖಾನೆಗೆ ಹೊರಟಿದ್ದಳು. ದಾರಿಯಲ್ಲಿ ಪೊಲೀಸರು ತಡೆದರು. ಸ್ಕೂಟರಿನ ಡಿಕ್ಕಿಯಲ್ಲಿ ಮತ್ತಿನ ಗುಳಿಗೆಯ ಪಾಕೀಟುಗಳು ಸಿಕ್ಕವು. ಮೈದುನ ಓಡಿಹೋದ, ಬಸುರಿ ಓಡಲು ಹೆದರಿ ನಿಂತಳು. ಎರಡನೆಯ ಆರೋಪಿಯೆಂದು ಅವಳ ಹೆಸರು ಬಿತ್ತು. ಗಂಡ ಲಾರಿಯ ಮೇಲೆ ತಿಂಗಳುಗಟ್ಟಲೆ ಹೊರಗಿರುವವನು. ಜಾಮೀನಾಗಿ ಪಟ್ಟಿ ಕಟ್ಟಿಸಿಕೊಂಡು ಅವಳು ತವರಿಗೆ ಬಂದಳು. ಡಿಸೆಂಬರ್ ಒಂದರಂದು ಗಂಡುಮಗು ಹುಟ್ಟಿತು.

ಹಾಲು ಸಾಲುತ್ತಿರಲಿಲ್ಲ. ಕೂಸು ಎಳೆದೆಳೆದು ಸಾಕಾಗಿ ಅಳುತ್ತಿತ್ತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಕಸ್ತೂರಕ್ಕ ಅಂಟಿನುಂಡಿ ಕಟ್ಟಿದಳು. ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ, ಮೇಲೆ ಧಾರಾಳ ಗಸಗಸೆ. ನಮ್ಮ ಕಡೆ ಬಾಣಂತಿಗೆ ಇದನ್ನು ಬೆಳಿಗ್ಗೆ ಎದ್ದ ಕೂಡಲೇ ಕೊಡುವುದು, ಹಾಲು ಇಳಿಯಲಿ ಅಂತ, ನಡ ಗಟ್ಟಿಯಾಗಲಿ ಅಂತ. ತೊಳೆದರೆ ಉಂಡಿ ಬೂಸಲು ಹಿಡಿಯುತ್ತದೆಂದು ಗಸಗಸೆಯನ್ನು ತೊಳೆಯದೆ, ಕಮರಬಾರದೆಂದು ಬೆಚ್ಚಗಾಗುವಷ್ಟೇ ಹುರಿದು ಹಾಕಿದಳು. ತೊಳೆದಿದ್ದರೆ ಸಿಪ್ಪೆಯ ಅಂಶ ಮುಕ್ಕಾಲು ಪಾಲು ಹೋಗುತ್ತಿತ್ತು. ಅದನ್ನು ಅವಳಿಗೆ ಯಾರು ಹೇಳಬೇಕು?

ಉಂಡಿ ತಿಂದ ಮೊದಲನೆಯ ದಿನ ಮಧ್ಯಾಹ್ನ ಪಟ್ಟಿಯ ದೀಪ ಹಳದಿಯಾಯಿತು. ಪಟ್ಟಿ ಕಟ್ಟುವಾಗ ಸಿಬ್ಬಂದಿ ಹೇಳಿದ್ದ ಮಾತು ಕಸ್ತೂರಕ್ಕನಿಗೆ ನೆನಪಿತ್ತು. ‘ಇದು ನಿಮ್ಮ ಮೈಯೊಳಗ ಏನೈತಿ ಅಂತ ನೋಡ್ತದ. ಮೈ ಸರಿ ಇದ್ರ ಹಸರು ಇರ್ತದ.’ ಮಗಳ ಮುಖ ನೋಡಿದಳು, ಬಿಳಿಚಿತ್ತು. ಕಣ್ಣು ನೋಡಿದಳು. ದೀಪ ನೋಡಿದಳು. ಹಡೆದ ಮೈಯಲ್ಲಿ ರಕ್ತವಿಲ್ಲ, ಅದಕ್ಕೇ ಯಂತ್ರ ಹಳದಿ ತೋರಿಸುತ್ತಿದೆ ಎಂದು ತಿಳಿದಳು.

“ನೋಡವಾ, ಮಿಶನ್ನಿಗೂ ತಿಳೀತು ನಿನಗ ಶಕ್ತಿ ಇಲ್ಲಂತ,” ಎಂದು ಮರುದಿನ ಬೆಳಿಗ್ಗೆ ಒಂದರ ಬದಲು ಎರಡು ಉಂಡಿ ಕೊಟ್ಟಳು. ಸಿಂಚನಾ ಬೇಡವೆಂದರೂ ಬಿಡದೆ ಎದುರು ಕೂತು ತಿನ್ನಿಸಿದಳು. ಮೂರನೆಯ ದಿನವೂ ಎರಡು ಕೊಟ್ಟಳು. ಹಾಲು ನಿಜವಾಗಿಯೂ ಇಳಿಯತೊಡಗಿತ್ತಂತೆ. ಕೂಸು ಅವತ್ತು ಹೊಟ್ಟೆ ತುಂಬ ಕುಡಿದು ಮೊದಲ ಸಲ ಎರಡು ತಾಸು ಮಲಗಿತು ಎಂದು ಕಸ್ತೂರಕ್ಕ ನನಗೆ ಹೇಳುವಾಗ ಅವಳ ಮುಖ ಒಂದು ಗಳಿಗೆ ಅರಳಿದ್ದನ್ನು ನಾನು ನೋಡಿದೆ. ನೋಡಬಾರದಿತ್ತು ಅನಿಸಿತು.

ಹದಿನಾರರ ಬೆಳಿಗ್ಗೆ ನಾನು ಕಚೇರಿಗೆ ಬಂದಾಗ ಗೆರೆ ಮತ್ತೆ ಏರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಮೂರು ದಿನ ಬಿಡದೆ ಪಾಯಸ ಕುಡಿಯುವವರು ಯಾರು? ನಾನು ಕನ್ನಡಕ ಒರೆಸಿಕೊಂಡು ನೋಡುತ್ತ ನಿಂತಿದ್ದಾಗಲೇ ಹನ್ನೊಂದಕ್ಕೆ ಚುಕ್ಕೆ ಕೆಂಪಾಯಿತು. ಪೊಲೀಸರಿಗೆ ಸಂದೇಶ ಹೋದದ್ದರ ಗುರುತು ಪಕ್ಕದಲ್ಲಿ ಮೂಡಿತು.

ಮಧ್ಯಾಹ್ನ ಠಾಣೆಯಿಂದ ವರದಿ ಬಂತು. ರಫೀಕ ಓದಿದ: “ಆರೋಪಿ ಸಿಂಚನಾ ಗಂಡ ಮಾರುತಿ ಕುಂಬಾರ ವಶಕ್ಕೆ. ಹದಿನಾರು ದಿನದ ಗಂಡುಕೂಸು ಇದೆ. ಆರೋಪಿ ಮಾದಕ ಸೇವಿಸಿದ್ದು ಕಂಡುಬಂದ ಕಾರಣ ಎದೆಹಾಲು ಕೂಸಿಗೆ ಅಪಾಯಕಾರಿ. ಕೂಸನ್ನು ತಾಯಿಯ ಜೊತೆ ಕಳಿಸದೆ ಅಜ್ಜಿಯ ವಶಕ್ಕೆ ಕೊಡಲಾಗಿದೆ.”

ಓದಿ ಮುಗಿಸಿ ಅವನು ತಲೆ ಎತ್ತಿದ. “ಮೇಡಂ, ಬಾಣಂತಿ ಅದಾಳ್ರಿ. ಅಂಟಿನುಂಡಿ ತಿಂದಿರ್ತಾಳ. ನಮ್ಮ ಮನಿಯಾಕಿ ಎರಡೂ ಸಲ ನಲವತ್ತು ದಿನ ತಿಂದಾಳ್ರಿ.”

ಹನ್ನೆರಡು ವರ್ಷದವಳಿದ್ದಾಗ ನಮ್ಮಕ್ಕನ ಬಾಣಂತನಕ್ಕೆ ಒಣಕೊಬ್ಬರಿ ತುರಿದವಳು ನಾನೇ. ಒಂದು ಉಂಡಿಗೆ ಕೈ ಹಾಕಿದಾಗ ಅವ್ವ ಕೈಗೆ ಹೊಡೆದಿದ್ದಳು. ‘ಅದು ಬಾಣಂತೀದು. ನೀ ಹಡದಾಗ ತಿನ್ನಾಕಂತಿ.’ ನಾನು ಹಡೆಯಲಿಲ್ಲ, ತಿನ್ನಲಿಲ್ಲ, ಅವ್ವನೂ ಹೋದಳು, ಉಂಡಿಯೂ ತಲೆಯಿಂದ ಹೋಯಿತು. ಕೋಷ್ಟಕ ತುಂಬಿದ ದಿನ ಇದೇ ರಫೀಕ ಪಕ್ಕದ ಕುರ್ಚಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಒಂದು ಮಾತು ಕೇಳಿದ್ದರೆ ಸಾಕಿತ್ತು. ನನಗೆಲ್ಲ ಗೊತ್ತು ಎಂದುಕೊಂಡೆ.

ನಾಡಿಗ ಸರ್ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಎಲ್ಲವನ್ನೂ ಕೇಳಿಸಿಕೊಂಡರು.

“ಕೋಷ್ಟಕದಲ್ಲಿ ಎರಡು ದಿನ ಅಂತಿದೆಯಲ್ಲ. ಯಾರು ಬರೆದಿದ್ದು?”

“ನಾನs ಸರ್.”

“ಈಗ ನೀವೇ ನಲವತ್ತು ಅಂತ ತಿದ್ದಿದರೆ, ಕೆಂಪು ಬಂದ ಮೇಲೆ ಸಾಕ್ಷ್ಯ ತಿರುಚಿದ ಹಾಗಾಗುತ್ತೆ. ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತೆ. ಅಲ್ಲಿಡೋಣ. ಈಗ ಅವಳ ರಕ್ತ ಬರಲಿ. ನೀವು ಬೇಗ ನೋಡಿಕೊಡಿ, ಅಷ್ಟೇ ನಮ್ಮ ಕೈಲಿರೋದು.”

“ಕೂಸಿಗೆ ಹಾಲು ಕುಡಸಾಕ ಬಿಡ್ರಿ ಅಂತ ಜೈಲಿಗೆ ಒಂದು ಪತ್ರ ಬರೀಬಹುದಲ್ಲ ಸರ್.”

“ಏನಂತ ಬರೀಲಿ, ಇಂದುಮತಿ? ಯಂತ್ರ ಕೆಂಪು ತೋರಿಸಿದೆ, ಆದರೆ ನಮಗೆ ಹಾಗೆ ಅನ್ನಿಸ್ತಾ ಇಲ್ಲ ಅಂತಲಾ?”

ಗಸಗಸೆ ಮತ್ತು ಗುಳಿಗೆಯನ್ನು ಬೇರೆ ಮಾಡಿ ತೋರಿಸುವ ಗುರುತು ಒಂದಿದೆ. ಬೀಜದ ಸಿಪ್ಪೆಯಲ್ಲಿ ಥೀಬೇನ್ ಎಂಬ ಇನ್ನೊಂದು ಅಂಶವೂ ಚೂರು ಇರುತ್ತದೆ. ಕಾರ್ಖಾನೆಯಲ್ಲಿ ಸೋಸಿ ಮಾಡಿದ ಗುಳಿಗೆಯಲ್ಲಿ ಅದು ಇರುವುದಿಲ್ಲ. ಪಟ್ಟಿಯ ಪೊರೆಗೆ ಅದು ಕಾಣುವುದಿಲ್ಲ, ನನ್ನ ಪ್ರಯೋಗಾಲಯದ ಯಂತ್ರಕ್ಕೆ ಕಾಣುತ್ತದೆ. ಆ ಯಂತ್ರದ ಕೆಲಸ ನಲವತ್ತು ನಿಮಿಷದ್ದು. ಆದರೆ ರಕ್ತವೇ ಬರಬೇಕಲ್ಲ.

ಬಂದಿಖಾನೆಯಿಂದ ರಕ್ತ ತರುವ ವಾಹನ ವಾರಕ್ಕೊಮ್ಮೆ. ವಶಕ್ಕೆ ಪಡೆದ ದಿನವೇ ತೆಗೆದಿಟ್ಟಿದ್ದ ಅವಳ ರಕ್ತ ಡಿಸೆಂಬರ್ ಇಪ್ಪತ್ತೆರಡಕ್ಕೆ ಬಂತು. ಸರದಿಯಲ್ಲಿ ಅವಳಿಗಿಂತ ಮುಂಚಿನ ಇನ್ನೂರು ಸೀಸೆಗಳಿದ್ದವು. ಅಷ್ಟನ್ನೂ ದಾಟಿಸಿ ನೂರಾ ಹದಿನೇಳನ್ನು ಮೊದಲು ಯಂತ್ರಕ್ಕೆ ಹಾಕಿದೆ. ಸರದಿ ಮುರಿದದ್ದಕ್ಕೆ ಆಮೇಲೆ ನನಗೆ ಮೆಮೊ ಬಂತು, ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಕಾಗದದ ಮೇಲೆ ಥೀಬೇನಿನ ಸಣ್ಣ ಉಬ್ಬು ಎದ್ದಾಗ ನನಗೆ ಅಳು ಬಂತು. ಆ ಇನ್ನೂರು ಸೀಸೆಗಳಲ್ಲಿ ಎಷ್ಟರಲ್ಲಿ ಇಂಥ ಉಬ್ಬು ಅಡಗಿದೆಯೋ ಎಂಬ ಯೋಚನೆಯೂ ಬಂತು. ಅದನ್ನು ಅಲ್ಲಿಗೇ ಬಿಟ್ಟೆ.

ವರದಿಯಲ್ಲಿ ‘ಆಹಾರ ಮೂಲ, ಮಾದಕವಲ್ಲ’ ಎಂದು ಬರೆದೆ. ಕೆಳಗೆ ಇನ್ನೊಂದು ವಾಕ್ಯ ಸೇರಿಸಿದೆ: ‘ಆಹಾರ ಕೋಷ್ಟಕ ತುಂಬುವಾಗ ಬಾಣಂತಿಯರ ಆಹಾರವನ್ನು ನಾನು ಮರೆತಿದ್ದರಿಂದ ಹೀಗಾಗಿದೆ.’ ನಾಡಿಗ ಸರ್ ಓದಿ ಪೆನ್ನು ಕೈಗೆ ತೆಗೆದುಕೊಂಡರು.

“ಇಷ್ಟೆಲ್ಲ ಯಾಕೆ? ತಾಂತ್ರಿಕ ದೋಷ ಅಂದರೆ ಸಾಕು. ನಿಮಗೆ ರಿಟೈರಾಗೋಕೆ ಇನ್ನೂ ಎಂಟು ವರ್ಷ ಇದೆ.”

ಅವರು ಗೆರೆ ಎಳೆದು ತಿದ್ದಿದರು. ನಾನು ಸಹಿ ಹಾಕಿದೆ.

ವರದಿ ಕೋರ್ಟಿಗೆ ತಲುಪುವ ಹೊತ್ತಿಗೆ ಕ್ರಿಸ್‌ಮಸ್ ರಜೆ ಶುರುವಾಗಿತ್ತು. ಒಳಗೆ ಹಾಕಲು ಯಾರ ಸಹಿಯೂ ಬೇಕಿರಲಿಲ್ಲ, ಹೊರಗೆ ಬಿಡಲು ನಾಲ್ಕು ಸಹಿ ಬೇಕಿತ್ತು. ಜನವರಿ ಮೂರಕ್ಕೆ ಅವಳನ್ನು ಬಿಟ್ಟರು. ಹದಿನೆಂಟು ದಿನ.

ಮರುವಾರ ನಾನು ಬೆಟಗೇರಿಗೆ ಹೋದೆ. ಆರೋಪಿಯ ಮನೆಗೆ ಹೋಗುವುದು ನಿಯಮಕ್ಕೆ ವಿರುದ್ಧ. ಆ ತಿದ್ದಿದ ವಾಕ್ಯ ನನ್ನನ್ನು ಕೂರಲು ಬಿಡಲಿಲ್ಲ. ಓಣಿಯಲ್ಲಿ ಎರಡು ಮೂರು ಕಡೆ ಕೇಳಿದೆ. “ಯಾರು, ಆ ಅಫೀಮಿನಾಕಿ ಮನಿಯೇನ್ರಿ?” ಎಂದು ಒಬ್ಬ ಮುದುಕ ದಾರಿ ತೋರಿಸಿದ.

ಕಸ್ತೂರಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಚೇರಿಯಿಂದ ಬಂದಿದ್ದೇನೆ ಎಂದ ಕೂಡಲೇ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಒಳಗಿನ ಕೋಣೆಯ ಬಾಗಿಲಲ್ಲಿ ಸಿಂಚನಾ ಕೂತಿದ್ದಳು. ಅವಳ ತೊಡೆಯ ಮೇಲೆ ಕೂಸು ಬಾಟಲಿಯ ಹಾಲು ಕುಡಿಯುತ್ತಿತ್ತು. ಕೈಯಲ್ಲಿ ಪಟ್ಟಿ, ಅದರ ಮೇಲೆ ಹಸಿರು ದೀಪ.

“ಮತ್ತ ಏನಾತ್ರಿ ಯಕ್ಕಾ?” ಎಂದು ಕಸ್ತೂರಕ್ಕ ಕೇಳಿದಳು. “ಹಸರ ಐತಲ್ರಿ.”

ಏನೂ ಆಗಿಲ್ಲ, ಕೂಡ್ರಿ ಎಂದು ಅವಳನ್ನು ಕೂರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ನಾನು ಮೇಲೆ ಬರೆದದ್ದನ್ನೆಲ್ಲ ಹೇಳಿದಳು. ತೊಟ್ಟಿಲ ಕಾರ್ಯ, ಉಂಡಿ, ಹಳದಿ ದೀಪ. “ಯಾವುದರಿಂದ ಆತ್ರಿ ಇದು? ಹೇಳ್ರಿ, ಇನ್ನೊಮ್ಮೆ ಹಾಕಂಗಿಲ್ಲ. ಒಬ್ರು ಅಂಟು ಅಂತಾರ, ಒಬ್ರು ಅಜವಾನದ ಹೊಗಿ ಅಂತಾರ.”

“ಗಸಗಸಿರಿ.”

“ಗಸಗಸಿ,” ಎಂದು ಅವಳು ತನಗೆ ತಾನೇ ಹೇಳಿಕೊಂಡಳು. “ಹಾಲು ಕಡಿಮಿ ಅದಾವಂತ ನಾನs ಒಂದು ಹಿಡಿ ಹೆಚ್ಚಿಗಿ ಹಾಕಿದ್ದೆ. ನನ್ನ ಕೈಯಾರ ಮಗಳನ್ನ ಜೈಲಿಗೆ ಕಳಿಸಿದೆ ನೋಡ್ರಿ.”

“ನೀವಲ್ರಿ. ನಾನು,” ಎಂದೆ. ಕೋಷ್ಟಕದ ವಿಷಯ ಹೇಳಿದೆ. ಎರಡು ದಿನ ಎಂದು ಬರೆದವಳು ನಾನು, ಬಾಣಂತಿಯ ನೆನಪು ನನಗೆ ಬರಲಿಲ್ಲ ಎಂದೆ. ಕಾಗದದಲ್ಲಿ ತಾಂತ್ರಿಕ ದೋಷ ಎಂದಿದೆ, ಅದು ಸುಳ್ಳು ಎಂದೂ ಹೇಳಿದೆ.

ಕಸ್ತೂರಕ್ಕ ನನ್ನ ಮುಖವನ್ನು, ಬರಿಗೊರಳನ್ನು ನೋಡಿದಳು. “ನೀವು ಹಡದಿಲ್ಲೇನ್ರಿ?”

“ಇಲ್ರಿ.”

“ಅದಕ್ಕ ಗೊತ್ತಾಗಿಲ್ಲ ಬಿಡ್ರಿ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನನ್ನು ಸಮಾಧಾನ ಮಾಡುತ್ತಿದ್ದಳು. ಇಷ್ಟು ವರ್ಷದಲ್ಲಿ ಎಷ್ಟೋ ಜನ ನನ್ನನ್ನು ಆಡಿಕೊಂಡಿದ್ದಾರೆ, ಯಾವ ಮಾತೂ ಹೀಗೆ ನಾಟಿರಲಿಲ್ಲ.

ಕೂಸಿನ ಬಾಯಿ ಒರೆಸುತ್ತ ಸಿಂಚನಾ ಹೇಳಿದಳು. “ಒಳಗ ಮೊದಲ ನಾಕು ದಿನ ಎದಿ ಕಲ್ಲಾಗಿದ್ವು. ಬಚ್ಚಲದಾಗ ಹಿಂಡತಿದ್ದೆ. ಹಿಂಡೂ ಮುಂದ ವಾರ್ಡನ್ ಬಾಗಲದಾಗ ನಿಲ್ಲತಿದ್ಲು, ಯಾರ ಕೂಸಿಗೂ ಕುಡಸಬಾರದಂತ. ಆಮ್ಯಾಲ ತಾನs ಬತ್ತಿದ್ವು.” ಬಾಟಲಿ ಬದಿಗಿಟ್ಟು ಕೇಳಿದಳು, “ಈಗ ಉಂಡಿ ತಿಂದ್ರ ಮತ್ತ ಬರ್ತಾವೇನ್ರಿ?”

ಬಂದರೂ ಬರಬಹುದು ಎಂದು ನಾನು ಓದಿದ್ದೆ. ಕೂಸನ್ನು ಬಿಡದೆ ಎದೆಗೆ ಹಚ್ಚಿದರೆ, ತಾಯಿಗೆ ಧೈರ್ಯವಿದ್ದರೆ, ಕೆಲವರಿಗೆ ಮರಳುತ್ತದೆ. ಗಸಗಸೆ ಹಾಕದ ಉಂಡಿ ತಿನ್ನು ಎನ್ನಬಹುದಿತ್ತು. ಆದರೆ ಕಪಾಟಿನ ಮೇಲಿದ್ದ ಸ್ಟೀಲಿನ ಡಬ್ಬಿಯತ್ತ ಅವಳು ನೋಡುತ್ತಿದ್ದಳು, ಅದರಲ್ಲಿದ್ದದ್ದು ಗಸಗಸೆಯದ್ದೇ.

“ಆ ಉಂಡಿ ತಿನ್ನಬ್ಯಾಡವಾ,” ಎಂದೆ. “ಮೊನ್ನೆ ಸೇರಿದ ಸಮಿತಿ ನಲವತ್ತು ದಿನಕ್ಕ ಒಪ್ಪೇತಿ. ಆದ್ರ ಅದು ನಡಿಯೂದು ಏಪ್ರಿಲ್ ಒಂದರಿಂದ. ಅಲ್ಲೀತನಕ ಎರಡು ದಿನಾನs.”

“ಏಪ್ರಿಲ್ ತನಕ ಬಾಣಂತನ ಎಲ್ಲಿರ್ತದ್ರಿ,” ಎಂದಳು ಅವಳು.

ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಕಸ್ತೂರಕ್ಕ ಎದ್ದು ಅದನ್ನು ತಿರುವಿ ಹಾಕಿದಳು. ಕೂಸಿನ ಬಾಯನ್ನು ಸಿಂಚನಾ ಒಮ್ಮೆ ಎದೆಗೆ ಹಚ್ಚಿದಳು. ಅದು ಮೂಸಿ, ಮುಖ ತಿರುಗಿಸಿ ಅಳತೊಡಗಿತು. ಅವಳು ಬಾಟಲಿ ಕೊಟ್ಟಳು.

ನಾನು ಏಳುವಾಗ ಕಸ್ತೂರಕ್ಕ ಕಪಾಟಿನ ಮೇಲಿನಿಂದ ಆ ಡಬ್ಬಿ ಇಳಿಸಿ ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

“ಒಯ್ರಿ ಯಕ್ಕಾ. ಇದು ಮನ್ಯಾಗಿದ್ರ ನನಗ ಹೆದರಿಕಿ ಆಗತೈತಿ. ಚೆಲ್ಲಾಕ ಮನಸ್ಸು ಬರವಲ್ದು, ತುಪ್ಪದ್ದು. ನೀವರ ತಿನ್ರಿ. ನಿಮ್ಮ ಕೈಯಾಗ ಪಟ್ಟಿ ಇಲ್ಲಲ್ಲ.”

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮುಚ್ಚಳದ ಸಂದಿಯಿಂದ ತುಪ್ಪದ, ಹುರಿದ ಗಸಗಸೆಯ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು, “ಮಗಳ ಬಾಣಂತನಕ್ಕೇನ್ರಿ?” ಎಂದು ಕೇಳಿದಳು. ಹೌದು ಎಂದೆ.

ಏಪ್ರಿಲ್ ಒಂದಕ್ಕೆ ಕೋಷ್ಟಕ ಬದಲಾಯಿತು. ಗಸಗಸೆಯ ಸಾಲಿನಲ್ಲಿ ಈಗ ‘ಬಾಣಂತಿ: ನಲವತ್ತು ದಿನ’ ಎಂದಿದೆ. ಸಿಂಚನಾಳ ವಿಚಾರಣೆಗೆ ಇನ್ನೂ ದಿನ ಗೊತ್ತಾಗಿಲ್ಲ. ಅವಳ ಗೆರೆ ಪರದೆಯ ತಳದಲ್ಲಿ ನೇರವಾಗಿ ಹರಿಯುತ್ತದೆ, ಒಂದು ದಿನವೂ ಏರಿಲ್ಲ. ನಾಡಿಗ ಸರ್ ಅದನ್ನು ನೋಡಿ ಒಳ್ಳೆಯ ಗೆರೆ ಎನ್ನುತ್ತಾರೆ. ಡಬ್ಬಿ ನನ್ನ ಅಡುಗೆಮನೆಯಲ್ಲಿದೆ. ಗಸಗಸೆ ತೊಳೆಯದೆ ಹಾಕಿದ್ದಕ್ಕೋ ಏನೋ, ಉಂಡಿ ಇನ್ನೂ ಬೂಸಲು ಹಿಡಿದಿಲ್ಲ.